ತೆಗೆದು ಹಾಕಿದ ಮೂರು ಸಾಲು

ಮೊನ್ನೆ ಅಣ್ಣನ ಬಸುರಿ ಮಗಳ ಕುಬಸಕ್ಕೆಂದು ಸಾನಪಾಡಾಕ್ಕೆ ಹೊರಟಿದ್ದೆ. ಠಾಣೆಯಲ್ಲಿ ಗಾಡಿ ಬದಲಿಸಿ, ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಬದಿಗೆ ಜಾಗವೂ ಸಿಕ್ಕಿ, ಖಣದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ರಬಾಳೆ ದಾಟುತ್ತಿದ್ದಂತೆ ಆ ವಾಸನೆ ಬಂತು. ಮಳೆ ಬಿದ್ದಾಗ ಮಾತ್ರ ಅಲ್ಲಿ ಏಳುವ ವಾಸನೆ ಅದು. ಸುಟ್ಟ ರಬ್ಬರಿನದೂ ಅಲ್ಲ, ಕೊಳೆತ ಹಣ್ಣಿನದೂ ಅಲ್ಲ, ಎರಡರ ನಡುವಿನದು ಏನೋ. ಯಾವ ಕಾರ್ಖಾನೆಯದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಘನಸೋಲಿ ಬಂತು, ನಾನು ಮೊದಲು ಕೆಲಸ ಮಾಡುತ್ತಿದ್ದ ಕಟ್ಟಡದ ನೀಲಿ ಗಾಜು ಬಾಗಿಲ ಆಚೆ ಕಂಡಿತು. ಈಗ ನನ್ನ ಕೆಲಸ ಠಾಣೆಯಲ್ಲಿ, ಆ ಲೈನಿಗೆ ಕಾಲಿಡದೆ ಎಂಟು ತಿಂಗಳಾಗಿತ್ತು. ಹೋದ ವರ್ಷದ ಮಳೆಗಾಲವನ್ನು ಯಾರ ಹತ್ತಿರವೂ ಮೊದಲಿನಿಂದ ಕೊನೆಯವರೆಗೆ ಹೇಳಿಲ್ಲ. ಇಲ್ಲಿ ಬರೆದಿಡುತ್ತೇನೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು, ನನ್ನದು ಸಂಶಯದ ಸ್ವಭಾವ. ಸ್ಟೇಷನ್ನಿನ ಬೋರ್ಡಿನಲ್ಲಿ ಫಾಸ್ಟ್ ಎಂದು ಬರೆದಿದ್ದರೂ ಪಕ್ಕದವಳನ್ನು ಕೇಳಿಯೇ ಹತ್ತುವವಳು. ಅವಳು ಹೌದು ಎಂದರೆ, ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಇನ್ನೊಬ್ಬಳನ್ನು ಕೇಳುವವಳು. "ದೇವರು ಬಂದು ವರಾ ಕೊಡ್ತೀನಿ ಅಂದ್ರೂ ನೀ ಮೊದ್ಲ ಆಧಾರ್ ಕಾರ್ಡ್ ತೋರಸು ಅಂತಿ" ಎಂದು ನಮ್ಮ ಮನೆಯವರು ನಗುತ್ತಾರೆ. ಅವರದು ಡೊಂಬಿವಲಿ ಪೂರ್ವದಲ್ಲಿ ಇಳಕಲ್ ಸೀರೆಯ ಸಣ್ಣ ಅಂಗಡಿ. ಗದಗಿನಿಂದ ಬಂದು ಇಲ್ಲಿ ಅಂಗಡಿ ಹಾಕಿದವರಿಗೆ ಗಿರಾಕಿಯನ್ನು ನಂಬದೆ ಗತಿಯಿಲ್ಲ. ನನಗೆ ಮಾತ್ರ ಸಂಶಯವೇ ಅನ್ನ ಹಾಕಿತು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ ಮಾಡಿದ್ದೇನೆ. ಎಲ್ಲ ಸರಿಯಾಗಿದೆ ಎಂದು ಇನ್ನೊಬ್ಬರು ಹೇಳಿದ್ದನ್ನು ನಂಬದೇ ಇರುವುದಕ್ಕೆ ನನಗೆ ಪಗಾರ ಕೊಡುತ್ತಿದ್ದರು.

ನಮ್ಮದು ಸಣ್ಣ ಕಂಪನಿ. ಕಲ್ಯಾಣ, ಡೊಂಬಿವಲಿ, ಠಾಣೆಗಳಲ್ಲಿ ರಕ್ತ ಮತ್ತು ಗಂಟಿನ ಮಾದರಿ ಪರೀಕ್ಷಿಸುವ ಲ್ಯಾಬ್‌ಗಳನ್ನು ನಡೆಸುವವರೊಬ್ಬರಿದ್ದರು, ಅವರ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಮ್ಮ ಮುಖ್ಯ ಕೆಲಸ. ಅದು ಬಹಳ ಹಳೆಯದು. ಯಾವ ಭಾಗ ಏನು ಮಾಡುತ್ತದೆ, ಯಾವುದು ಬೇಕು, ಯಾವುದು ಸುಮ್ಮನೆ ಬಿದ್ದಿದೆ ಎಂದು ಪೂರ್ತಿ ಬಲ್ಲವರು ಉಳಿದಿರಲಿಲ್ಲ. ಜೂನ್ ತಿಂಗಳಲ್ಲಿ ನಮ್ಮ ಮ್ಯಾನೇಜರ್ ಪ್ರಾಚಿ ನನ್ನನ್ನು ಕ್ಯಾಬಿನ್ನಿಗೆ ಕರೆದಳು. ಕಲ್ಯಾಣದ ಮರಾಠಿ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು, ಕೆಲಸದಲ್ಲಿ ಚುರುಕು. ಇನ್ನು ಮುಂದೆ ಆ ಹಳೆಯ ಪ್ರೋಗ್ರಾಮನ್ನು ಓದಿ ವಿಶ್ಲೇಷಣೆ ಮಾಡುವುದು ಎಐ ಏಜೆಂಟ್, ಅಂದರೆ ತಾನೇ ಓದಿ ತಾನೇ ಕೆಲಸ ಮಾಡುವ ಯಂತ್ರ ಎಂದಳು. ಏಜೆಂಟಿಗೆ ಸುಮಾರು ಇಪ್ಪತ್ತು ಟೂಲು ಕೊಟ್ಟಿದ್ದರು. ಒಂದು ಟೂಲು ಫೈಲುಗಳಲ್ಲಿ ಪದ ಹುಡುಕಿಕೊಡುತ್ತದೆ, ಇನ್ನೊಂದು ಫೈಲು ತೆರೆದು ತೋರಿಸುತ್ತದೆ, ಮತ್ತೊಂದು ಪ್ರೋಗ್ರಾಮಿನ ಒಂದು ಭಾಗವನ್ನು ಯಾವ ಯಾವ ಭಾಗಗಳು ಕೆಲಸಕ್ಕೆ ಕರೆಯುತ್ತವೆ ಎಂದು ಹೇಳುತ್ತದೆ. ಟೂಲಿನ ಹೊಟ್ಟೆಯೊಳಗೆ ಏನಿದೆ ಎಂದು ಏಜೆಂಟಿಗೆ ಕಾಣುವುದಿಲ್ಲ. ಪ್ರತಿ ಟೂಲಿನ ಜೊತೆ ನಾಲ್ಕೈದು ಸಾಲಿನ ವಿವರಣೆ ಇರುತ್ತದೆ. ಯಾವಾಗ ಯಾವುದನ್ನು ಎತ್ತಿಕೊಳ್ಳಬೇಕು, ಬಂದ ಉತ್ತರವನ್ನು ಹೇಗೆ ತಿಳಿಯಬೇಕು ಎಂದು ಅದನ್ನು ಓದಿಯೇ ಏಜೆಂಟ್ ನಿರ್ಧರಿಸುತ್ತದೆ. ಆ ನಾಲ್ಕೈದು ಸಾಲು ಬರೆಯುವ ಕೆಲಸ ನನಗೆ ಬಂತು.

"ತುಮ್ಹೀ ಸಗಳ್ಯಾತ್ ಕ್ಲಿಯರ್ ಲಿಹಿತಾ ಮ್ಯಾಡಮ್" ಎಂದಳು ಪ್ರಾಚಿ. ಎಲ್ಲರಿಗಿಂತ ಸ್ಪಷ್ಟವಾಗಿ ಬರೆಯುವವರು ನೀವು ಎಂದು. ಕಾರಣವಿಲ್ಲದೆ ಯಾರಾದರೂ ಹೊಗಳಿದರೆ ನಾನು ಮೊದಲು ಪರ್ಸ್ ಮುಟ್ಟಿ ನೋಡಿಕೊಳ್ಳುತ್ತೇನೆ. ನನ್ನ ಕೆಲಸ ಕಿತ್ತುಕೊಳ್ಳುವ ಯಂತ್ರಕ್ಕೆ ಪಾಠ ಹೇಳಲು ನನ್ನನ್ನೇ ಕೂಡಿಸುತ್ತಿದ್ದಾಳೆ ಅನ್ನಿಸಿತು. ಬಾಯಲ್ಲಿ ಮಾತ್ರ ಹೂಂ ಎಂದೆ.

ಟೂಲುಗಳ ಮಾಹಿತಿ ಕೊಡಬೇಕಾದವರು ಸದಾನಂದ ಶೆಟ್ಟರು. ಆ ಪ್ರೋಗ್ರಾಮಿನ ಒಳಹೊರಗು ಸ್ವಲ್ಪವಾದರೂ ಗೊತ್ತಿದ್ದ ಒಬ್ಬರೇ ಒಬ್ಬರು. ಕಾರ್ಕಳದ ಕಡೆಯವರು. ಠಾಣೆಯ ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ರಾತ್ರಿ ಶಾಲೆ ಕಲಿತು, ಆಮೇಲೆ ಕಂಪ್ಯೂಟರಿಗೆ ಬಂದವರು. ನಿವೃತ್ತಿಯ ವಯಸ್ಸು ದಾಟಿದ ಮೇಲೆ ವರ್ಷ ವರ್ಷದ ಕರಾರಿನ ಮೇಲೆ ಇದ್ದರು. ಯಾವುದನ್ನೂ ಫೈಲಿನಲ್ಲಿ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಪ್ರತಿ ಟೂಲಿಗೂ ಒಂದು ಅರ್ಧ ಹಾಳೆ, ಮೇಲೆ ಗುಂಡಗಿನ ಅಕ್ಷರ. ನಾನು ಅದನ್ನು ನೋಡಿ ಟೈಪ್ ಮಾಡಿ, ಹಾಳೆಯನ್ನು ರದ್ದಿಗೆ ಹಾಕುವುದು. ಅವರು ಬರೆದದ್ದು, ನಾನು ತಿದ್ದಿದ್ದು ಎಲ್ಲ ಎಲ್ಲರೂ ತೆರೆಯಬಹುದಾದ ಒಂದೇ ಡಾಕ್ಯುಮೆಂಟಿನಲ್ಲಿ ಇರುತ್ತಿತ್ತು.

ಅವರ ಹಾಳೆಗಳೆಲ್ಲ ತಲೆಕೆಳಗು. ಟೂಲು ಏನು ಮಾಡುತ್ತದೆ ಎಂಬುದು ಕೊನೆಯ ಸಾಲಿನಲ್ಲಿ. ಏನು ಮಾಡುವುದಿಲ್ಲ ಎಂಬುದು ಮೊದಲು.

"ಶೆಟ್ರ, ಇದು ಏನ್ ಮಾಡ್ತದ ಅಂತ ಬರೀರಿ ಅಂದ್ರ, ಏನ್ ಮಾಡೂದಿಲ್ಲ ಅಂತ ಪುರಾಣಾನ ಬರದೀರಲ್ಲ" ಎಂದೆ ಒಮ್ಮೆ.

"ಮಾವನ ಹೋಟ್ಲಲ್ಲಿ ಹಾಗೇ ಅಕ್ಕ" ಎಂದರು. "ಬೆಳಿಗ್ಗೆ ಶಟರ್ ತೆಗೆಯುವ ಮೊದಲು ಹೊಸ ಸಪ್ಲಾಯರನ್ನು ನಿಲ್ಲಿಸಿ ಇವತ್ತು ಏನಿಲ್ಲ ಅಂತ ಹೇಳೂದು. ಇರೂದು ಬೋರ್ಡಲ್ಲಿ ಉಂಟಲ್ಲ, ಅವನೇ ಓದ್ತಾನೆ. ಇಲ್ಲದ್ದು ಎಲ್ಲಿಯೂ ಬರ್ದಿರೂದಿಲ್ಲ. ಹೇಳದಿದ್ರೆ ಅವನು ಗಿರಾಕಿಗೆ ನೀರುದೋಸೆ ಆಗ್ತದೆ ಅಂತ ಒಪ್ಪಿಕೊಂಡು ಬರ್ತಾನೆ. ಒಳಗೆ ಹಿಟ್ಟೇ ಇರೂದಿಲ್ಲ."

ಕೆಲಸ ಮಾಡುತ್ತಾ ಹೋದಂತೆ ಅವರ ಮಾತಿನಲ್ಲಿ ಅರ್ಥ ಇದೆ ಎಂದು ಗೊತ್ತಾಯಿತು, ಒಪ್ಪಿಕೊಳ್ಳುವ ಮನಸ್ಸು ಮಾತ್ರ ಬರಲಿಲ್ಲ. ಮೊದಲ ವಾರ ನಾನು ಎರಡು ಟೂಲುಗಳಿಗೂ 'ಫೈಲುಗಳಲ್ಲಿ ಹುಡುಕುತ್ತದೆ' ಎಂದು ಬರೆದಿದ್ದೆ. ಏಜೆಂಟ್ ಒಂದನ್ನೇ ಹಿಡಿದುಕೊಂಡು ಬೇಡದ ಕಡೆಯೆಲ್ಲ ಹುಡುಕುತ್ತ ಕೂತಿತು. ಆಮೇಲೆ, ಹೆಸರು ಪೂರ್ತಿ ಗೊತ್ತಿದ್ದರೆ ಇದು, ಅರ್ಧ ಮಾತ್ರ ಗೊತ್ತಿದ್ದರೆ ಅದು ಎಂದು ತಿದ್ದಿದೆ. ತಕ್ಷಣ ದಾರಿಗೆ ಬಂತು. ಬೆರಗಿನ ಜೊತೆ ಸ್ವಲ್ಪ ಭಯವೂ ಆಯಿತು. ನಾನು ಬರೆದದ್ದನ್ನು ಇಷ್ಟು ನಂಬುವವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ನಾನು ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದಿಟ್ಟರೂ ಚಿಟಿಕೆ ಬಾಯಿಗೆ ಹಾಕಿ ನೋಡುತ್ತಾರೆ.

ಜುಲೈ ಹೊತ್ತಿಗೆ ಮಳೆ ಜೋರಾಯಿತು. ದಿನಾ ಯಾವುದಾದರೊಂದು ಕಡೆ ಹಳಿಯ ಮೇಲೆ ನೀರು, ಗಾಡಿ ತಡ. ಒದ್ದೆ ಸೀರೆಯಲ್ಲೇ ಎಸಿಯ ಕೆಳಗೆ ಕೂರುವುದು. ಅದೇ ಹೊತ್ತಿಗೆ ಪ್ರಾಚಿ ಒಂದು ಮೀಟಿಂಗಿನಲ್ಲಿ, ವಿಶ್ಲೇಷಣೆ ಮುಗಿದ ಮೇಲೆ ಯಾರು ಯಾರು ಬೇಕಾಗುತ್ತಾರೆ ನೋಡೋಣ ಎಂದಳು. ಅವತ್ತಿನಿಂದ ನನ್ನ ಕಣ್ಣು ಎಲ್ಲರ ಮೇಲೂ ಓಡತೊಡಗಿತು. ಹೆಚ್ಚಾಗಿ ಶೆಟ್ಟರ ಮೇಲೆ. ಅವರು ದಿನಕ್ಕೆ ಎರಡು ಮೂರು ಸಲ ಲಿಫ್ಟಿನ ಬಳಿ ಹೋಗಿ ಫೋನಿನಲ್ಲಿ ತುಳುವಿನಲ್ಲಿ ಮಾತಾಡುತ್ತಿದ್ದರು. ನಾನು ಹಾದುಹೋದರೆ ದನಿ ತಗ್ಗಿಸುತ್ತಿದ್ದರು. ವಾರಕ್ಕೆ ಎರಡು ದಿನ ಮಧ್ಯಾಹ್ನವೇ ಚೀಲ ಎತ್ತಿಕೊಂಡು ಹೊರಡುತ್ತಿದ್ದರು, ಪ್ರಾಚಿ ಏನೂ ಅನ್ನುತ್ತಿರಲಿಲ್ಲ. ಲ್ಯಾಬಿನವರ ಜೊತೆ ನೇರವಾಗಿ ಏನೋ ಮಾತುಕತೆ ನಡೆಸಿದ್ದಾರೆ, ನಮ್ಮನ್ನೆಲ್ಲ ಕಳಿಸಿ ತಾವೊಬ್ಬರೇ ಉಳಿಯುವ ಏರ್ಪಾಟು ಎಂದು ನಾನು ಪೂರ್ತಿ ಕಥೆ ಕಟ್ಟಿಕೊಂಡೆ. ನನಗೆ ತುಳು ಒಂದಕ್ಷರ ಬರುವುದಿಲ್ಲ. ಬರದಿರುವುದರಿಂದ ಕಥೆ ಕಟ್ಟುವುದು ಇನ್ನೂ ಸುಲಭವಾಯಿತು.

ಆ ವಾರವೇ ಅವರು 'ಯಾರು ಕರೆಯುತ್ತಾರೆ' ಎಂದು ಹೇಳುವ ಟೂಲಿನ ಹಾಳೆ ಕೊಟ್ಟರು. ಬರೆದದ್ದು ಇಂಗ್ಲಿಷಿನಲ್ಲಿ, ಅದರ ಅರ್ಥ ಹೀಗಿತ್ತು: ಉತ್ತರ ಖಾಲಿ ಬಂದರೆ ಈ ಭಾಗವನ್ನು ಯಾರೂ ಕರೆಯುವುದಿಲ್ಲ ಎಂದು ತಿಳಿಯಬೇಡಿ. ಗೊತ್ತುಮಾಡಿದ ದಿನಗಳಲ್ಲಿ ತಾನಾಗಿ ಓಡುವ ಕೆಲಸಗಳ ಪಟ್ಟಿ ಬೇರೆ ಕಡೆ ಇದೆ, ಅದು ಈ ಟೂಲಿಗೆ ಕಾಣುವುದಿಲ್ಲ. ಅನುಮಾನ ಬಂದರೆ ಸದಾನಂದರನ್ನು ಕೇಳಿ.

ಮೂರು ಸಾಲನ್ನೂ ಇದ್ದ ಹಾಗೆ ಟೈಪ್ ಮಾಡಿದೆ. ಊಟ ಮಾಡಿ ಬಂದು ಮತ್ತೆ ಓದಿದಾಗ ಮೂರನೆಯ ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಯಂತ್ರಕ್ಕೆ ಬರೆಯುವ ವಿವರಣೆಯಲ್ಲಿ ತಮ್ಮ ಹೆಸರು ಹಾಕಿಕೊಂಡಿದ್ದಾರೆ, ಎಷ್ಟು ಜಾಣರು ಅಂದುಕೊಂಡೆ. ಇಲ್ಲಿಯೇ ಗೂಟ ಹೊಡೆದುಕೊಂಡು ಕೂರುವ ಯೋಚನೆ. ಮೂರನೆಯದು ಗೂಟವಾದರೆ ಮೊದಲ ಎರಡು ಸಾಲು ಆ ಗೂಟಕ್ಕೆ ತೋಡಿದ ಗುಂಡಿ ಎಂದು ನನ್ನ ತರ್ಕ. ಗುರುವಾರ ಮಧ್ಯಾಹ್ನ ಮೂರನ್ನೂ ಅಳಿಸಿದೆ. ಅವುಗಳ ಜಾಗದಲ್ಲಿ, ಕೊಟ್ಟ ಭಾಗವನ್ನು ಯಾರು ಯಾರು ಕರೆಯುತ್ತಾರೆ ಎಂಬ ಪೂರ್ತಿ ಪಟ್ಟಿ ಕೊಡುತ್ತದೆ ಎಂದು ಒಂದೇ ಸಾಲು ಹಾಕಿದೆ. 'ಪೂರ್ತಿ' ನನ್ನದೇ ಮಾತು, ಶೆಟ್ಟರ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಇಪ್ಪತ್ತು ವರ್ಷ ಪರೀಕ್ಷೆ ಮಾಡಿ ಉಂಡವಳು ಒಂದು ಖಾಲಿ ಉತ್ತರ ತರಿಸಿ ನೋಡಲಿಲ್ಲ. ಶೆಟ್ಟರಿಗೂ ಹೇಳಲಿಲ್ಲ. ಚಿಕ್ಕದಾಗಿ ಚೊಕ್ಕವಾಗಿದೆ ಎಂದು ಪ್ರಾಚಿ ಮೆಚ್ಚಿಕೊಂಡಳು.

ಆಗಸ್ಟಿನಲ್ಲಿ ಏಜೆಂಟ್ ಬೇಡವಾದ ಭಾಗಗಳ ಪಟ್ಟಿ ಕೊಟ್ಟಿತು. ಯಾರೂ ಕರೆಯುವುದಿಲ್ಲ, ತೆಗೆಯಬಹುದು ಎಂದು ಪ್ರತಿಯೊಂದರ ಮುಂದೆ ಕಾರಣವನ್ನೂ ಬರೆದಿತ್ತು. ನಮ್ಮವರು ಮೇಲೆ ಮೇಲೆ ನೋಡಿ ತೆಗೆದರು. ಏನೂ ಆಗಲಿಲ್ಲ. ಎಲ್ಲ ಲ್ಯಾಬೂ ಮೊದಲಿನ ಹಾಗೇ ನಡೆದವು, ಪೇಢೆ ಹಂಚಿದರು, ನಾನೂ ಎರಡು ತಿಂದೆ.

ತೆಗೆದ ಭಾಗಗಳಲ್ಲಿ ಒಂದು, ಶೆಟ್ಟರು ಹೇಳಿದ್ದ ಆ ಬೇರೆ ಪಟ್ಟಿಯಿಂದ ಹದಿನೈದು ದಿನಕ್ಕೊಮ್ಮೆ ತಾನಾಗಿ ಓಡುವಂಥದು. ಯಾರ ಮಾದರಿಯಲ್ಲಿ ಸಂದೇಹ ಇದೆಯೋ, ಯಾರು ಮತ್ತೊಮ್ಮೆ ಪರೀಕ್ಷೆಗೆ ಬರಬೇಕೋ ಅವರ ಫೋನಿಗೆ ಅದು ಸಂದೇಶ ಕಳಿಸುತ್ತಿತ್ತು. ನಿಂತ ಸಂದೇಶ ಸದ್ದು ಮಾಡುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಗಣಪತಿ ಹಬ್ಬ ಕಳೆದ ಮೇಲೆ ಟಿಟ್ವಾಳಾದಿಂದ ಒಬ್ಬಳು ಹುಡುಗಿ ತಾಯಿಯನ್ನು ಕರೆದುಕೊಂಡು ಕಲ್ಯಾಣದ ಲ್ಯಾಬಿಗೆ ಬಂದಳಂತೆ. ತಾಯಿಯ ಕುತ್ತಿಗೆಯ ಗಂಟಿನ ಮಾದರಿ ಕೊಟ್ಟು ಹೋಗಿದ್ದರು, ಮತ್ತೆ ಬರಬೇಕಾದರೆ ಮೆಸೇಜ್ ಬರುತ್ತದೆ ಎಂದಿದ್ದರು. ಮೆಸೇಜ್ ಬರಲಿಲ್ಲ, ಏನೂ ಇಲ್ಲ ಎಂದುಕೊಂಡು ನೆಮ್ಮದಿಯಿಂದ ಹಬ್ಬ ಮಾಡಿದರು. ಗಂಟು ದೊಡ್ಡದಾಗಿತ್ತು. ಲ್ಯಾಬಿನವರು ತೆರೆದು ನೋಡಿದರೆ, ಮತ್ತೊಮ್ಮೆ ಪರೀಕ್ಷೆ ಆಗಲೇಬೇಕು ಎಂದು ಮೂರು ವಾರದ ಹಿಂದೆಯೇ ಬರೆದಿಟ್ಟಿತ್ತು. ಆ ತಾಯಿಗೆ ಆಮೇಲೆ ಏನಾಯಿತು ಎಂದು ನಮಗೆ ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಲ್ಯಾಬಿನವರ ದೂರು ಬಂತು, ಮಂಗಳವಾರ ಪ್ರಾಚಿ ಮೀಟಿಂಗ್ ಕರೆದಳು. ಶೆಟ್ಟರು ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಈ ಟೂಲಿಗೆ ಆ ಪಟ್ಟಿ ಕಾಣುವುದಿಲ್ಲ ಎಂದು ಗೊತ್ತಿದ್ದವರು ನೀವೊಬ್ಬರೇ, ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು.

"ಮೈನೇ ಲಿಖಾ ಥಾ" ಎಂದರು ಶೆಟ್ಟರು, ನಾನು ಬರೆದಿದ್ದೆ ಎಂದು.

ಪ್ರಾಚಿ ಗೋಡೆಯ ಪರದೆಯ ಮೇಲೆ ವಿವರಣೆಯನ್ನು ತೋರಿಸಿದಳು. ನನ್ನ ಒಂದು ಸಾಲು ಅಲ್ಲಿ ನಿಂತಿತ್ತು. "ಕಹಾಂ ಲಿಖಾ ಹೈ?" ಎಂದಳು, ಎಲ್ಲಿ ಬರೆದಿದೆ ಎಂದು. ಶೆಟ್ಟರು ಅದನ್ನು ಓದಿದರು, ನನ್ನ ಕಡೆ ಒಮ್ಮೆ ನೋಡಿದರು, ಸುಮ್ಮನಾದರು.

ನನಗೆ ಮರೆತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಪರದೆಯ ಮೇಲೆ 'ಪೂರ್ತಿ' ಎಂಬುದನ್ನು ಕಂಡ ಕೂಡಲೇ ಆ ಗುರುವಾರ ನೆನಪಾಯಿತು. ಆಗಲೂ ನನ್ನ ಸಂಶಯವೇ ನನ್ನ ಸಹಾಯಕ್ಕೆ ಬಂತು. ಇವರು ಬಾಯಿಯಲ್ಲಾದರೂ ಹೇಳಬಹುದಿತ್ತಲ್ಲ, ಬೇಕೆಂದೇ ಬಿಟ್ಟಿರಬಹುದಲ್ಲ ಎಂದು ಒಳಗೇ ಗೊಣಗಿಕೊಂಡು ಕೂತೆ. ಪ್ರಾಚಿ ತಿಂಗಳ ಕೊನೆಗೆ ಶೆಟ್ಟರ ಕರಾರು ಮುಗಿಸುವುದಾಗಿ ಹೇಳಿದಳು. ಅವರು ವಾದ ಮಾಡಲಿಲ್ಲ. ಕಂಪನಿಯ ಇನ್ಶೂರೆನ್ಸ್ ಎಲ್ಲಿಯವರೆಗೆ ಇರುತ್ತದೆ ಎಂದಷ್ಟೇ ಕೇಳಿದರು. ಕೊನೆಯ ದಿನದವರೆಗೆ ಎಂದಳು.

ಅವರು ಹೋದ ಮೇಲೆ ಪ್ರಾಚಿ ತಲೆ ಹಿಡಿದುಕೊಂಡು ಕೂತಳು. ಅವಳಿಗೂ ಸಂಕಟ. ಶೆಟ್ಟರ ಹೆಂಡತಿಗೆ ಎರಡೂ ಕಿಡ್ನಿ ಹೋಗಿವೆ, ಠಾಣೆಯ ವರ್ತಕ ನಗರದಲ್ಲಿ ಮನೆಯ ಹತ್ತಿರವೇ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತದೆ, ಎಲ್ಲ ಆ ಇನ್ಶೂರೆನ್ಸಿನ ಮೇಲೆ ಎಂದಳು. ಅಲ್ಲಿಯ ನರ್ಸ್ ಮಂಗಳೂರಿನ ಕಡೆಯವರಂತೆ, ಮೆಷಿನ್ ಯಾವಾಗ ಖಾಲಿ ಎಂದು ದಿನಾ ಫೋನ್ ಮಾಡಿ ಹೇಳುತ್ತಾರಂತೆ. ಲಿಫ್ಟಿನ ಬಳಿಯ ತುಳು ಮಾತೆಲ್ಲ ಅದೇ ಆಗಿತ್ತು.

ಆ ಮೇಲೆ ಮೂರು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಹೋದೆ, ಬಂದೆ, ಅಡಿಗೆ ಮಾಡಿದೆ. ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ನಮ್ಮ ಮನೆಯವರು ಒಳಗೆ ಬಂದು ನಿಂತರು.

"ಏನಾಗೇದ ನಿನಗ? ಭಾಜಿಯಾಂವನ ಕೂಡನೂ ವಾದಾ ಹಾಕವಲ್ಲಿ. ಆರಾಮ ಇಲ್ಲೇನು?"

ಹೇಳಿದೆ. ತವೆಯ ಮೇಲಿನ ರೊಟ್ಟಿ ಕರಕಾಯಿತು, ಅವರೇ ಗ್ಯಾಸ್ ಆರಿಸಿದರು. "ಊರ ಮಂದಿ ಮ್ಯಾಲೆಲ್ಲಾ ಸಂಶಯ ತಗೀತಿ. ನಿನ್ನ ಮ್ಯಾಲೆ ಒಂದ್ಸಲನೂ ಬರಲಿಲ್ಲೇನು?" ಎಂದರು. ಸಿಟ್ಟು ಮಾಡಿ ಹೇಳಲಿಲ್ಲ, ಅದಕ್ಕೇ ನನಗೆ ಅಳು ಬಂತು. "ನೀ ಇವತ್ತ ಹೋಗಿ ಹೇಳ್ತಿಯೋ, ನಾ ಅಂಗಡಿ ಮುಚ್ಚಿ ಬಂದು ಹೇಳ್ಲೋ?" ಎಂದರು. ನಾನೇ ಹೇಳುತ್ತೇನೆ ಎಂದೆ.

ಹೇಳುವುದು ಕಷ್ಟ ಎಂದುಕೊಂಡಿದ್ದೆ. ನಂಬಿಸುವುದು ಅದಕ್ಕಿಂತ ಕಷ್ಟವಾಯಿತು. ಪ್ರಾಚಿ ಕ್ಯಾಬಿನ್ನಿನ ಬಾಗಿಲು ಮುಚ್ಚಿ, ನನ್ನ ಕೈಮೇಲೆ ಕೈಯಿಟ್ಟು, "ಮ್ಯಾಡಮ್, ಮೈ ಸಮಝತೀ ಹೂಂ. ಆಪ್ ದೋನೋ ಕನ್ನಡಾವಾಲೇ ಹೋ" ಎಂದಳು. ನೀವಿಬ್ಬರೂ ಕನ್ನಡದವರು, ನನಗೆ ಅರ್ಥವಾಗುತ್ತದೆ ಎಂದು. ನಮ್ಮವರು ಎಂದು ಶೆಟ್ಟರನ್ನು ಉಳಿಸಲು ತಪ್ಪನ್ನು ನಾನು ಮೈಮೇಲೆ ಎಳೆದುಕೊಳ್ಳುತ್ತಿದ್ದೇನೆ ಎಂದು ಅವಳ ಎಣಿಕೆ. ಶೆಟ್ಟರ ಮನೆಯ ಮಾತು ತುಳು, ನನ್ನದು ಗದಗಿನ ಕನ್ನಡ, ಇಬ್ಬರೂ ಒಂದೇ ಆಫೀಸಿನಲ್ಲಿದ್ದು ಒಂದು ದಿನ ಕೂಡಿ ಚಹಾ ಕುಡಿದವರಲ್ಲ. ಅವಳಿಗೆ ನಾವು ಒಂದೇ ಗುಂಪು. ಜೀವನವಿಡೀ ಇನ್ನೊಬ್ಬರಿಂದ ಪುರಾವೆ ಕೇಳಿದವಳು ಅವತ್ತು ನನ್ನ ವಿರುದ್ಧ ನಾನೇ ಪುರಾವೆ ಹುಡುಕಿಕೊಡಬೇಕಾಯಿತು. ಡಾಕ್ಯುಮೆಂಟಿನ ಹಳೆಯ ತಿದ್ದುಪಡಿಗಳನ್ನು ತೆರೆದು ಅವಳ ಕಡೆ ತಿರುಗಿಸಿದೆ. ಆ ಗುರುವಾರ, ಮಧ್ಯಾಹ್ನದ ಹೊತ್ತು, ನನ್ನ ಹೆಸರು, ಗೆರೆ ಎಳೆದ ಮೂರು ಸಾಲು, ಕೆಳಗೆ ನನ್ನ ಒಂದು ಸಾಲು. ಇಷ್ಟೆಲ್ಲ ಆದ ಮೇಲೂ ಅದನ್ನು ಅವರು ಯಾರೂ ತೆರೆದು ನೋಡಿರಲಿಲ್ಲ. ಬರೆದವಳು ನಾನು ಎಂದ ಮೇಲೆ ನೋಡುವುದೇನಿದೆ ಎಂದು ಬಿಟ್ಟಿದ್ದರಂತೆ.

"ಕ್ಯೂಂ?" ಎಂದಳು ಪ್ರಾಚಿ, ಯಾಕೆ ಎಂದು.

ಅವರು ತಮ್ಮ ಕೆಲಸ ಉಳಿಸಿಕೊಳ್ಳಲು ಬರೆದಿದ್ದಾರೆ ಎಂದುಕೊಂಡೆ ಎಂದು ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಶೆಟ್ಟರನ್ನು ಕರೆಸಿ ಕ್ಷಮೆ ಕೇಳಿ, ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದಳು. ಆ ವಿವರಣೆಯನ್ನೂ ಅವತ್ತೇ ತಿದ್ದಿಸಿದಳು. ಮೊದಲ ಎರಡು ಸಾಲು ವಾಪಸು ಬಂದವು. ಮೂರನೆಯದರ ಜಾಗದಲ್ಲಿ ಆ ಇನ್ನೊಂದು ಪಟ್ಟಿ ಎಲ್ಲಿದೆ, ಅದನ್ನು ಯಾವ ಟೂಲಿನಿಂದ ತೆರೆಯಬೇಕು ಎಂದು ಶೆಟ್ಟರು ಬಿಡಿಸಿ ಬರೆದುಕೊಟ್ಟರು. ಇನ್ನು ಮುಂದೆ ಅವರನ್ನು ಯಾರೂ ಕೇಳಬೇಕಾಗಿಯೇ ಇರಲಿಲ್ಲ. ನನ್ನನ್ನು ಬರೆಯುವ ಕೆಲಸದಿಂದ ತೆಗೆದರು, ದೀಪಾವಳಿಯ ನಂತರ ನಾನೇ ಆ ಆಫೀಸು ಬಿಟ್ಟೆ. ಅದರಲ್ಲಿ ನನಗೆ ಯಾರ ಮೇಲೂ ದೂರಿಲ್ಲ.

ಆ ಶುಕ್ರವಾರ ಸಂಜೆ ಘನಸೋಲಿ ಸ್ಟೇಷನ್ನಿನಲ್ಲಿ ಶೆಟ್ಟರು ಛತ್ರಿ ಮಡಚುತ್ತ ನಿಂತಿದ್ದರು. ನಾನೇ ಹತ್ತಿರ ಹೋದೆ.

"ಶೆಟ್ರ, ಆ ಮೂರು ಸಾಲು ನಾನಽ ತಗದಿದ್ದೆ."

"ಗೊತ್ತುಂಟು ಅಕ್ಕ" ಎಂದರು. "ನೀವು ತೆಗೆದ ಮರುದಿನವೇ ನೋಡಿದ್ದೆ. ನನ್ನ ಹೆಸರು ಹಾಕಿದ್ದು ಚಂದ ಕಾಣ್ಲಿಲ್ಲ ಅಂತ ತೆಗೆದಿರ್ಬೇಕು ಅಂದ್ಕೊಂಡೆ. ಉಳಿದದ್ದು ನೀವು ಬೇರೆ ಎಲ್ಲಿಯಾದ್ರೂ ಬರ್ದಿರ್ತೀರಿ ಅಂತ ಬಿಟ್ಟೆ. ಅದು ನನ್ನದೂ ತಪ್ಪೇ. ಕೇಳ್ಬೇಕಿತ್ತು."

"ಮೀಟಿಂಗಿನ್ಯಾಗ ಯಾಕ ಹೇಳ್ಲಿಲ್ಲ ಮತ್ತ?"

"ನೀವು ಎದುರಿಗೇ ಕೂತಿದ್ರಲ್ಲ. ನೀವೇ ಹೇಳ್ತೀರಿ ಅಂತ ಸುಮ್ಮನಾದೆ."

ಠಾಣೆಯ ಗಾಡಿ ಬರುತ್ತಿತ್ತು, ಜನ ಮುಂದಕ್ಕೆ ನುಗ್ಗಿದರು. ಮನೆಯಲ್ಲಿ ಅಕ್ಕಾವರು ಬಹಳ ಹೆದರಿಕೊಂಡಿದ್ದರೇನು ಎಂದು ಕೇಳಿದೆ.

"ಅವಳಿಗೆ ಹೇಳ್ಲೇ ಇಲ್ಲ" ಎಂದರು ಶೆಟ್ಟರು. "ಇವತ್ತಲ್ಲ ನಾಳೆ ನೀವು ಹೇಳಿಯೇ ಹೇಳ್ತೀರಿ, ಸುಮ್ಮನೆ ಅವಳನ್ನು ಯಾಕೆ ಹೆದರಿಸೂದು ಅಂತ."